ಬಾವ ಎರಡನೇ ಸಲ ಕೇಳಿದ್ದು

ನಮ್ಮ ಲಾಂಡ್ರಿಯಲ್ಲಿ ಎಲ್ಲರೂ ಅವನನ್ನು ಬೋರ್ಡಪ್ಪ ಎಂದು ಕರೆಯುತ್ತಿದ್ದರು. ನನಗೆ ಮಾತ್ರ ಅವನು ಬಾವ. ನನ್ನ ತಂಗಿಯ ಗಂಡ. ಅವನೂ ನನ್ನನ್ನು ಬಾವ ಎಂದೇ ಕರೆಯುವುದರಿಂದ ಇಸ್ತ್ರಿ ವಿಭಾಗದ ಹೆಂಗಸರಿಗೆ ಅದೊಂದು ತಮಾಷೆ. "ಇವತ್ತು ಯಾವ ಬಾವ ಯಾವ ಬಾವನ ಮೇಲೆ ಕೂಗಾಡ್ತಿದ್ದಾನೆ?" ಎಂದು ನಗುತ್ತಿದ್ದರು. ಕೂಗಾಡುತ್ತಿದ್ದವನು ನಾನೊಬ್ಬನೇ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅವನ ದನಿ ಪಕ್ಕದಲ್ಲಿ ಕೂತವರಿಗೂ ಅರ್ಧವೇ ಕೇಳಿಸುವುದು.

ದೊಡ್ಡ ಲಾಂಡ್ರಿ ಅದು. ಆಸ್ಪತ್ರೆ, ಹೋಟೆಲು, ಹಾಸ್ಟೆಲುಗಳ ಬಟ್ಟೆ ಗಾಡಿಗಟ್ಟಲೆ ಬಂದು ಬೀಳುತ್ತದೆ. ಬಟ್ಟೆ ಒಗೆಯುವ ಯಂತ್ರಗಳು ಒಂದು ಸಾಲಿಗೆ, ಒಣಗಿಸುವವು ಇನ್ನೊಂದು ಸಾಲಿಗೆ. ಹಿಂದೆ ತಗಡಿನ ಮನೆಯಲ್ಲಿ ಬಾಯ್ಲರು, ಅದರ ಮುಂದೆ ನಾನು. ಆ ಯಂತ್ರಗಳಿಗೆಲ್ಲ ಹಬೆ ಕಳಿಸುವುದು ನನ್ನ ಕೆಲಸ. ಅವುಗಳಿಗೆ ಬುದ್ಧಿ ಕಳಿಸುವುದು ಬಾವನ ಕೆಲಸ. ಯಾವ ಯಂತ್ರಕ್ಕೆ ಯಾವ ಬಟ್ಟೆ, ಎಷ್ಟು ನೀರು, ಎಷ್ಟು ಸೋಪು, ಯಾವಾಗ ನಿಲ್ಲಬೇಕು, ಎಲ್ಲವನ್ನೂ ನೋಡಿಕೊಳ್ಳುವ ಪ್ರೋಗ್ರಾಂ ಅವನೇ ಬರೆದದ್ದು. ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ನಡೆಯುತ್ತಿರುವ ಒಗೆತಗಳೆಲ್ಲ ಸಾಲುಸಾಲಾಗಿ ಕಾಣುತ್ತವೆ. ಒಂದು ಮುಗಿದರೆ ಅದರ ಸಾಲು ಅಳಿಸಿಹೋಗುತ್ತದೆ. ಅದಕ್ಕೆ ನಾವು ಬೋರ್ಡು ಅನ್ನುತ್ತೇವೆ. ಬಾವ ಯಾವಾಗಲೂ ಕತ್ತೆತ್ತಿ ಅದನ್ನೇ ನೋಡುತ್ತಿದ್ದ. ಅದಕ್ಕೇ ಬೋರ್ಡಪ್ಪ.

ನನ್ನ ತಂಗಿ ಬೇರೆ ಥರದವಳು. ಬಾಯಿ ಜೋರು, ನಗು ಇನ್ನೂ ಜೋರು. ನಾನು ಸಿಟ್ಟಿನಲ್ಲಿ ತಟ್ಟೆ ಎಸೆದರೆ ಅವಳು ಅದನ್ನು ಎತ್ತಿಕೊಂಡು ಬಂದು, "ಅಣ್ಣ, ಇದು ಸೊಟ್ಟಗಾಗಲಿಲ್ಲ, ಇನ್ನೊಂದು ಸಲ ಎಸಿ" ಅನ್ನುವವಳು. ಬಾವನನ್ನು ಕಟ್ಟಿಕೊಂಡ ಮೇಲೆ, "ಮನೆಗೆ ಒಬ್ಬ ಕೂಗುಮಾರಿ, ಒಬ್ಬ ಮೂಗಪ್ಪ, ನಡುವೆ ನಾನು" ಎಂದು ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದಳು. ಅವಳು ಬಸುರಿಯಾದಾಗ ಬಾವ ಯಂತ್ರಗಳು ಬಂದ ಪೆಟ್ಟಿಗೆಯ ಹಲಗೆಗಳನ್ನು ಮನೆಗೆ ಹೊತ್ತುಕೊಂಡು ಹೋಗಿ ಒಂದು ತೊಟ್ಟಿಲು ಮಾಡಿದ. ಪೆಟ್ಟಿಗೆಯ ಮೇಲೆ ಅಚ್ಚು ಹಾಕಿದ್ದ ಛತ್ರಿಯ ಗುರುತು ತೊಟ್ಟಿಲ ತಲೆಯ ಕಡೆಗೆ ಬಂದಿತ್ತು. ನೀರು ತಾಗಿಸಬೇಡಿ ಎನ್ನುವ ಗುರುತು ಅದು. "ಇರಲಿ, ಮಗು ಒದ್ದೆ ಮಾಡ್ಕೊಳ್ಳೋ ಮುಂಚೆ ಓದ್ಕೊಳ್ಳಲಿ" ಎಂದಳು ತಂಗಿ.

ಅವಳಿಗೆ ನೋವು ಶುರುವಾದದ್ದು ಹೇಳಿದ ದಿನಕ್ಕಿಂತ ಮೊದಲೇ. ಬಾವ ಬೇರೊಂದು ಊರಿನ ಲಾಂಡ್ರಿಗೆ ಇದೇ ಪ್ರೋಗ್ರಾಂ ಹಾಕಿಕೊಡಲು ಹೋಗಿದ್ದ. ನಾನಾಗ ಇನ್ನೊಂದೂರಿನ ಕಾಗದದ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಂಡಿದ್ದೆ. ಆಸ್ಪತ್ರೆಯಲ್ಲಿದ್ದವಳು ನಮ್ಮಮ್ಮ ಒಬ್ಬಳೇ. ಅಲ್ಲಿಂದ ಯಾರೋ ಬಾವನಿಗೆ ಫೋನು ಮಾಡಿ, "ನಿಮ್ಮ ಮನೆಯವರು ತೀರಿಹೋದರು, ಬೇಗ ಬನ್ನಿ" ಎಂದರು. ಅಷ್ಟೇ, ಫೋನು ಇಟ್ಟರು. ಅವನು ಬಂದು ಇಳಿದಾಗ ಅಮ್ಮ ಗೇಟಿನಲ್ಲೇ ನಿಂತಿದ್ದಳಂತೆ. "ಮಗು?" ಎಂದನಂತೆ ಬಾವ. ಅಮ್ಮ, "ಅದೂ ಇಲ್ಲ ಕಣಪ್ಪ. ಅದರ ಮಾತು ಈಗ ಬೇಡ, ಮೊದಲು ಇವಳದ್ದು ಮುಗಿಸು" ಎಂದಳಂತೆ.

ಅವನು ಮುಗಿಸಿದ. ಆ ಇನ್ನೊಂದು ಮಾತು ಹಾಗೇ ಉಳಿಯಿತು. ನಾನು ಬಂದು ತಲುಪುವ ಹೊತ್ತಿಗೆ ಎಲ್ಲ ಆಗಿಹೋಗಿ, ಮನೆಯಲ್ಲಿ ಜನ ಗೋಡೆಗೆ ಒರಗಿ ಕೂತಿದ್ದರು. ಮಗುವಿನ ಸುದ್ದಿ ಎತ್ತಿದರೆ ಅಮ್ಮ ಎದ್ದು ಒಳಗೆ ಹೋಗುತ್ತಿದ್ದಳು. ಹುಟ್ಟುವಾಗಲೇ ಹೋಗಿರಬೇಕು ಎಂದುಕೊಂಡೆವು. ಕೆಲವು ವರ್ಷಕ್ಕೆ ಅಮ್ಮನೂ ಹೋದಳು. ನಾನು ಈ ಊರಿಗೇ ಬಂದು ಲಾಂಡ್ರಿಯ ಬಾಯ್ಲರಿಗೆ ಸೇರಿದೆ. ಬಾವ ಮತ್ತೆ ಮದುವೆಯಾಗಲಿಲ್ಲ.

ತೊಟ್ಟಿಲು ಮಾತ್ರ ಅವನ ಕೋಣೆಯ ಬಾಗಿಲ ಹಿಂದೆ ಇದ್ದೇ ಇತ್ತು. ಅದರ ಕಂಬಕ್ಕೆ ಕೊಡೆ ಸಿಕ್ಕಿಸುತ್ತಿದ್ದ, ಒದ್ದೆ ಟವೆಲು ಹಾಕುತ್ತಿದ್ದ. ನನಗೆ ಅದನ್ನು ನೋಡಿದಾಗಲೆಲ್ಲ ರೇಗುತ್ತಿತ್ತು.

"ಯಾರಿಗಾದ್ರೂ ಕೊಡು, ಇಲ್ಲ ಒಡೆದು ಒಲೆಗೆ ಹಾಕು. ಇದೇನು ತೊಟ್ಟಿಲೋ, ಗೂಟವೋ?"

"ಇರಲಿ ಬಾವ."

"ಏನಿರಲಿ?"

"ಇರಲಿ" ಎಂದು ಎದ್ದು ಹೋಗುತ್ತಿದ್ದ.

ಹೊಸದಾಗಿ ಕೆಲಸಕ್ಕೆ ಸೇರಿದವರು ಮಾತಿಗೆ ಮಾತು ಬಂದು "ಮಕ್ಕಳೆಷ್ಟು ನಿಮಗೆ?" ಎಂದರೆ ಅವನು "ಅದು..." ಎಂದು ಬೋರ್ಡಿನ ಕಡೆ ಕತ್ತು ತಿರುಗಿಸುತ್ತಿದ್ದ. ಅಲ್ಲೇನೋ ಕೆಟ್ಟಿದೆ ಎಂದು ಕೇಳಿದವರೂ ಅತ್ತ ನೋಡುತ್ತಿದ್ದರು. ಕೆಟ್ಟಿರುತ್ತಿರಲಿಲ್ಲ.

ಕೊನೆಗೆ ನಿಜವಾಗಿಯೂ ಕೆಟ್ಟಿತು. ಯಜಮಾನರು ಇನ್ನಷ್ಟು ಯಂತ್ರ ತರಿಸಿ ಕೂರಿಸಿದ ಮೇಲೆ ಶುರುವಾದದ್ದು ಅದು. ಒಗೆತ ಮುಗಿದು, ಬಟ್ಟೆ ಹೊರಗೆ ತೆಗೆದು, ಯಂತ್ರ ಖಾಲಿ ನಿಂತಿದ್ದರೂ ಬೋರ್ಡಿನ ಮೇಲೆ ಅದರ ಸಾಲು ಅಳಿಸುತ್ತಿರಲಿಲ್ಲ. ಇವತ್ತೊಂದು, ನಾಳೆಯೊಂದು ಹೀಗೆ ಮುಗಿದವು ಮುಗಿಯದವುಗಳ ಜೊತೆ ಸೇರಿಕೊಳ್ಳುತ್ತ ಬೋರ್ಡು ತುಂಬಿಹೋಗುವುದು. ತುಂಬಿದ ಮೇಲೆ ಹೊಸ ಒಗೆತ ಶುರುವಾಗುವುದಿಲ್ಲ. ಯಂತ್ರಗಳೆಲ್ಲ ಬಾಯಿ ತೆರೆದುಕೊಂಡು ನಿಲ್ಲುತ್ತಿದ್ದವು. ಇತ್ತ ನನ್ನ ಹಬೆಯನ್ನು ಕುಡಿಯುವವರಿಲ್ಲದೆ ಬಾಯ್ಲರ್ ಮೇಲಿನ ವಾಲ್ವು ಕಿವಿ ಹರಿಯುವ ಹಾಗೆ ಕೂಗಿಕೊಳ್ಳುತ್ತಿತ್ತು. ನಾನು ಅದಕ್ಕಿಂತ ಜೋರಾಗಿ ಕೂಗುತ್ತ ಒಳಗೆ ನುಗ್ಗುತ್ತಿದ್ದೆ.

"ಏನ್ ಕಂಪ್ಯೂಟರಯ್ಯಾ ನಿಂದು! ಮುಗಿದಿದ್ದು ಯಾವುದು, ಮುಗೀದೇ ಇರೋದು ಯಾವುದು ಅಂತ ಗೊತ್ತಾಗಲ್ವಾ ಅದಕ್ಕೆ? ಕಣ್ಣಿಲ್ಲದೋನಿಗೂ ಗೊತ್ತಾಗುತ್ತೆ!"

ಸೂಪರ್‌ವೈಸರ್ ಬಂದು, "ಆರಿಸಿ ಹಾಕ್ರೀ, ಸರಿಹೋಗುತ್ತೆ" ಎನ್ನುತ್ತಿದ್ದ. ಆ ಮನುಷ್ಯನಿಗೆ ಜಗತ್ತಿನ ಎಲ್ಲ ಕಾಯಿಲೆಗೂ ಗೊತ್ತಿದ್ದ ಮದ್ದು ಅದೊಂದೇ. ಆರಿಸಿ ಹಾಕಿದರೆ ಬೋರ್ಡು ತೊಳೆದಿಟ್ಟ ಹಾಗೆ ಆಗುತ್ತಿತ್ತು, ನಿಜ. ಎರಡು ವಾರಕ್ಕೆ ಮತ್ತೆ ಅದೇ ಕಥೆ.

"ಅಳಿಸಿದ್ರೆ ಆಯ್ತಾ? ಯಾಕೆ ಉಳ್ಕೊಂಡ್ವು ಅಂತ ಗೊತ್ತಾಗಬೇಕಲ್ಲ" ಎಂದು ಬಾವ ಪರದೆಯ ಮುಂದೆ ಕೂತುಬಿಟ್ಟ. ಊಟಕ್ಕೂ ಏಳಲಿಲ್ಲ. ನನ್ನ ಹೆಂಡತಿ ಕಳಿಸಿದ ಡಬ್ಬಿ ಅವನ ಮೊಣಕೈ ಪಕ್ಕದಲ್ಲೇ ತಣ್ಣಗಾಯಿತು.

ಮಾರನೇ ದಿನ ಮಧ್ಯಾಹ್ನ ಅವನೇ ನನ್ನ ಬಾಯ್ಲರ್ ಮನೆಗೆ ಬಂದು ಅಲ್ಲಿದ್ದ ಬಕೆಟ್ಟೊಂದನ್ನು ಬೋರಲು ಹಾಕಿಕೊಂಡು ಕೂತ.

"ಸಿಕ್ತು ಬಾವ. ತಪ್ಪು ನನ್ನದೇ."

"ಹೇಳು, ನನಗೆ ತಿಳಿಯೋ ಹಾಗೆ ಹೇಳು."

ಅವನು ಹೇಳಿದ್ದು ಹೀಗೆ. ಕಂಪ್ಯೂಟರ್ ಒಳಗೆ ಒಂದು ತಾಯಿ ಪ್ರೋಗ್ರಾಂ. ಒಂದೊಂದು ಒಗೆತ ಶುರುವಾದಾಗಲೂ ಅದು ಒಂದು ಮಗು ಪ್ರೋಗ್ರಾಂ ಹುಟ್ಟಿಸುತ್ತದೆ. ಆ ಯಂತ್ರದ ಹಿಂದೆ ಕೊನೆಯವರೆಗೆ ಇರುವುದು ಮಗುವಿನ ಕೆಲಸ. ಒಗೆತ ಮುಗಿದರೆ ಮಗುವೂ ಮುಗಿಯಿತು. ಆಗ ಕಂಪ್ಯೂಟರನ್ನೆಲ್ಲ ಆಳುವ ಆಪರೇಟಿಂಗ್ ಸಿಸ್ಟಮ್ ತಾಯಿಗೊಂದು ಸಿಗ್ನಲ್ ಕೊಡುತ್ತದೆ.

"ಸಿಗ್ನಲ್ ಅಂದ್ರೆ ಲೈಟಾ?"

"ಅಲ್ಲ. ಇಸ್ತ್ರಿ ಹೆಂಗಸರಿಗೆ ಗಲಾಟೆಲಿ ಕೂಗಿದ್ರೆ ಕೇಳಿಸಲ್ಲ ಅಂತ ಭುಜ ತಟ್ತಾರಲ್ಲ, ಆ ಥರ. ಬರೀ ತಟ್ಟು. ಅದರಲ್ಲಿ ಮಾತಿರಲ್ಲ. ನಿನ್ನ ಮಕ್ಕಳಲ್ಲಿ ಯಾವುದೋ ಮುಗೀತು ಅನ್ನೋದಷ್ಟೇ. ಆಗ ತಾಯಿ ಕೈಯಲ್ಲಿದ್ದ ಕೆಲಸ ಬಿಟ್ಟು, ಯಾರಪ್ಪ ಮುಗಿದಿದ್ದು, ಹೇಗೆ ಮುಗೀತು ಅಂತ ಕೇಳಬೇಕು. ಮಗು ಹೇಳುತ್ತೆ. ಹೇಳಿದ ಮೇಲೆ ಅದರ ಸಾಲು ಅಳಿಸುತ್ತೆ."

"ಸರಿ, ಕೇಳಿದ್ರೆ ಆಯ್ತು."

"ಅಲ್ಲೇ ನಾನು ಎಡವಿದ್ದು. ಒಂದು ತಟ್ಟಿಗೆ ಒಂದು ಸಲ ಕೇಳೋ ಹಾಗೆ ಬರೆದಿದ್ದೆ. ತಾಯಿ ಬೇರೆ ಯಾವುದ್ರಲ್ಲೋ ಮುಳುಗಿರುವಾಗ ಎರಡು ಮಕ್ಕಳು ಒಟ್ಟಿಗೇ ಮುಗಿದ್ರೆ ಎರಡು ತಟ್ಟು ಬರುತ್ತೆ. ಆದ್ರೆ ಒಂದೇ ಥರದ ತಟ್ಟನ್ನ ಸಿಸ್ಟಮ್ ಎಣಿಸಿ ಇಟ್ಕೊಳ್ಳಲ್ಲ. ಎರಡೂ ಸೇರಿ ಒಂದಾಗುತ್ತೆ. ತಾಯಿ ತಿರುಗಿ ಒಂದು ಮಗೂನ ಕೇಳ್ತಾಳೆ, ತನ್ನ ಕೆಲಸಕ್ಕೆ ಹೋಗ್ತಾಳೆ. ಎರಡನೇದು ಹಾಗೇ ನಿಂತಿರುತ್ತೆ. ಮೊದಲು ಯಂತ್ರ ಕಮ್ಮಿ ಇತ್ತು, ಎರಡು ಒಟ್ಟಿಗೆ ಮುಗಿಯೋದು ಅಪರೂಪ. ಈಗ ದಿನಾ ಆಗ್ತಿದೆ."

"ಸತ್ತಿರೋದು ನಿಂತಿರುತ್ತಾ? ಹೊಡೆದು ಎಸಿ ಅತ್ಲಾಗೆ!"

"ಕೊಲ್ಲೋಕೆ ಆಗಲ್ಲ ಬಾವ, ಆಗಲೇ ಸತ್ತಿದೆ. ಅದರ ಹತ್ರ ಇನ್ನೇನೂ ಉಳಿದಿಲ್ಲ. ನಾನು ಹೀಗೆ ಮುಗಿದೆ ಅನ್ನೋ ಒಂದು ಮಾತು ಇದೆ, ಅಷ್ಟೇ. ಅದನ್ನ ತಾಯಿ ಕೇಳಿಸ್ಕೊಳ್ಳೋವರೆಗೂ ಅದು ಪೂರ್ತಿ ಹೋಗೋ ಹಾಗಿಲ್ಲ. ಅದಕ್ಕೇ ಒಂದು ಸಲ ಕೇಳಿ ಸುಮ್ಮನಾಗಬಾರದು. ತಟ್ಟು ಒಂದೇ ಬರಲಿ, ಇನ್ನು ಯಾರಾದ್ರೂ ಇದ್ದೀರಾ, ಇನ್ನು ಯಾರಾದ್ರೂ ಇದ್ದೀರಾ ಅಂತ ಕೇಳ್ತಾನೇ ಇರಬೇಕು. ಯಾರೂ ಇಲ್ಲ ಅನ್ನೋ ಉತ್ತರ ಬಂದ ಮೇಲೇ..."

ಅಲ್ಲಿಗೆ ಅವನ ಮಾತು ನಿಂತಿತು. ಕೊಳಾಯಿ ಕಟ್ಟಿದ ಹಾಗೆ ನಿಂತಿತು. ನಾನು ಇದ್ದಿಲ ಮಸಿ ಒರೆಸಿಕೊಳ್ಳುತ್ತ ಅವನ ಮುಖ ನೋಡಿದೆ. ಅವನು ಎದ್ದು ಹೋದ.

ಸಂಜೆಗೆ ಸರಿಮಾಡಿದ. ಪರೀಕ್ಷೆಗೆಂದು ಎರಡು ಯಂತ್ರಕ್ಕೆ ಒಂದೇ ಅಳತೆಯ ಬಟ್ಟೆ ಹಾಕಿಸಿ, ಒಟ್ಟಿಗೇ ನಿಲ್ಲುವ ಹಾಗೆ ಮಾಡಿ, ಬೋರ್ಡಿನ ಕೆಳಗೆ ನಿಂತುಕೊಂಡ. ನನ್ನನ್ನೂ ಕರೆಸಿದ. ಎರಡೂ ನಿಂತವು. ಒಂದು ಸಾಲು ಅಳಿಸಿತು. ಅದರ ಬೆನ್ನಿಗೇ ಇನ್ನೊಂದೂ ಅಳಿಸಿತು. ಸೂಪರ್‌ವೈಸರ್ ಚಪ್ಪಾಳೆ ಹೊಡೆದ.

ಬಾವ ಖಾಲಿ ಬೋರ್ಡನ್ನೇ ನೋಡುತ್ತ, ನನಗೆ ಮಾತ್ರ ಕೇಳುವ ಹಾಗೆ ಹೇಳಿದ: "ಬಾವ, ನಾನೂ ಒಂದೇ ಸಲ ಕೇಳಿದ್ದು."

ನನಗೆ ತಕ್ಷಣ ಹೊಳೆಯಲಿಲ್ಲ. ಹೊಳೆದ ಮೇಲೆ ಯಾರ ಮೇಲಾದರೂ ಸಿಟ್ಟು ಮಾಡೋಣವೆಂದರೆ ಸೂಪರ್‌ವೈಸರ್ ಕೂಡ ಆಗಲೇ ಹೊರಟುಹೋಗಿದ್ದ.

"ಗಂಡೋ ಹೆಣ್ಣೋ ಗೊತ್ತಿಲ್ಲ. ಎಲ್ಲಿ ಇಟ್ರು ಗೊತ್ತಿಲ್ಲ. ಅತ್ತೆ ಇದ್ದಾಗ ಕೇಳಬಹುದಿತ್ತು" ಎಂದ.

"ಈಗ ಯಾರನ್ನ ಕೇಳ್ತೀಯ?"

"ಆಯಮ್ಮ ಇದ್ದಾರಲ್ಲ."

ಆಯಮ್ಮ ಅಂದರೆ ಆಸ್ಪತ್ರೆಯ ಬಟ್ಟೆಗಾಡಿಯ ಜೊತೆ ಬರುವ ಮುದುಕಿ. ಗಂಟುಗಳನ್ನು ಎಣಿಸಿ ಕೊಟ್ಟು, ಒಗೆದದ್ದನ್ನು ಎಣಿಸಿ ಒಯ್ಯುವುದು ಅವಳ ಕೆಲಸ. ಮೊದಲು ಹೆರಿಗೆ ವಾರ್ಡಿನಲ್ಲಿದ್ದವಳು. ಕಾಲು ಸೋತ ಮೇಲೆ ಇಲ್ಲಿಗೆ ಹಾಕಿದ್ದರು. "ಅರ್ಧ ಊರನ್ನೇ ಈ ಕೈಯಲ್ಲಿ ತೊಳೆದಿದ್ದೀನಿ. ಈಗ ನೋಡು, ಊರಿನ ಬೆಡ್‌ಶೀಟ್ ಎಣಿಸ್ತಿದ್ದೀನಿ" ಎಂದು ಹಮಾಲಿಗಳ ಹತ್ತಿರ ಹೇಳಿಕೊಳ್ಳುತ್ತಿದ್ದಳು. ಅವಳ ಗಾಡಿ ಹಾರ್ನ್ ಹೊಡೆದರೆ ಸಾಕು, ಬಾವ ಎಲ್ಲಿದ್ದರೂ ಎದ್ದು ಒಳಗೆ ಹೋಗುತ್ತಿದ್ದ. ನಾನದನ್ನು ಬಹಳ ಸಲ ನೋಡಿದ್ದೆ. ಬಟ್ಟೆಯ ವಾಸನೆ ಆಗುವುದಿಲ್ಲವೇನೋ ಎಂದುಕೊಂಡಿದ್ದೆ. ತಂಗಿ ತೀರಿಹೋದ ದಿನ ಆಸ್ಪತ್ರೆಯಲ್ಲಿ ಅವಳ ಬಳೆ, ಚಪ್ಪಲಿ ಗಂಟು ಕಟ್ಟಿ ಅವನ ಕೈಗೆ ಕೊಟ್ಟವಳು ಇವಳೇ ಎಂದು ಅವನು ಆ ಸಂಜೆ ಹೇಳಿದ. ಇನ್ನೊಂದು ಮಾತೂ ಹೇಳಿದ. ಆಯಮ್ಮನಿಗೆ ಇದೇ ಕೊನೆಯ ವಾರ. ಕೆಲಸ ಬಿಟ್ಟು ದೂರದೂರಿನ ಮಗಳ ಮನೆಗೆ ಹೋಗುವವಳಿದ್ದಳು. ಅವಳೂ ಹೋದರೆ ಇನ್ನು ಕೇಳಲು ಭೂಮಿಯ ಮೇಲೆ ಯಾರೂ ಇರಲಿಲ್ಲ.

ಗಾಡಿ ಬಂತು. ಬಟ್ಟೆ ಇಳಿಸುವ ಕಟ್ಟೆಯ ಮೇಲೆ ಬಾವ ನಿಂತಿದ್ದ. ಓಡಿಹೋಗುತ್ತಾನೇನೋ ಎಂದು ನಾನು ಬಾಗಿಲಿಗೆ ಅಡ್ಡ ನಿಂತೆ.

ಆಯಮ್ಮ ಒಂದೊಂದೇ ಕಾಲು ಊರಿ ಇಳಿದು ಅವನನ್ನು ನೋಡಿದಳು. "ಏನ್ ಬೋರ್ಡಪ್ಪ, ಗಾಡಿ ಕಂಡ್ರೆ ಪರಾರಿ ಆಗೋರು ಇವತ್ತು ನಿಂತಿದ್ದೀರಲ್ಲ. ಕಳಿಸಿಕೊಡೋಕೆ ಬಂದ್ರಾ?"

ಬಾವನ ತುಟಿ ಅಲುಗಿತು. ನನಗೆ ತಡೆಯಲಾಗಲಿಲ್ಲ.

"ಅವನಿಗೊಂದು ವಿಷಯ ಗೊತ್ತಾಗಬೇಕು. ನೀನು ಹೆರಿಗೆ ವಾರ್ಡಲ್ಲಿ..."

"ನೀನ್ಯಾಕೆ ಕೂಗ್ತೀಯಪ್ಪ? ನಿನ್ನ ಬಾಯ್ಲರ್ ಇಲ್ಲಿಲ್ಲ. ಅವರು ಕೇಳಲಿ."

ಬಾವ ಒಂದು ಹೆಜ್ಜೆ ಮುಂದೆ ಬಂದು, "ನಮ್ಮ ಮಗು..." ಎಂದ.

ಆಯಮ್ಮ ಒಂದು ಬಟ್ಟೆಗಂಟಿನ ಮೇಲೆ ಕುಕ್ಕರಿಸಿದಳು. ಸೆರಗಿನಿಂದ ಮುಖ ಒರೆಸಿಕೊಂಡು, "ಅಂತೂ ಕೇಳಿದ್ರಿ" ಎಂದಳು. ಆಮೇಲೆ, "ಹೆಣ್ಣು" ಎಂದಳು.

"ಹುಟ್ಟುವಾಗಲೇ..."

"ಇಲ್ಲ. ಉಸಿರಿತ್ತು. ಚೆನ್ನಾಗಿ ಅತ್ತಿತು. ತಾಯಿ ಹೋದ ಮೇಲೂ ಮಧ್ಯಾಹ್ನದವರೆಗೆ ಇತ್ತು. ಆಮೇಲೆ ಉಸಿರು ಸಣ್ಣ ಆಯ್ತು. ಡಾಕ್ಟ್ರು ಇದ್ರು, ಎಲ್ಲ ಮಾಡಿದ್ರು."

ನನ್ನ ತಲೆಗೆ ಕಾದ ಹಬೆ ನುಗ್ಗಿದ ಹಾಗಾಯಿತು. "ಇಷ್ಟು ವರ್ಷ ವಾರವಾರ ಬಂದು ಹೋಗ್ತಿದ್ದೀಯಲ್ಲ, ಬಾಯಿಗೆ ಬೀಗ ಹಾಕ್ಕೊಂಡಿದ್ಯಾ? ಮನುಷ್ಯಳಾ ನೀನು?"

"ಕೇಳಿದ್ರೇನೋ ನೀವು?" ಅವಳೂ ಬಿಡಲಿಲ್ಲ. "ಇದೇನು ಬೆಡ್‌ಶೀಟ್ ಲೆಕ್ಕವಾ, ಕೇಳದೇ ಇದ್ರೂ ಎದುರಿಗೆ ಹೋಗಿ ಒಪ್ಪಿಸೋಕೆ? ಗಾಯ ಮಾಯ್ದಿದೆಯೋ ಇಲ್ವೋ ನನಗೇನು ಗೊತ್ತು? ಪ್ರತಿ ಸಲ ಇಳಿದಾಗಲೂ ಇವತ್ತು ಕೇಳ್ತಾರೆ ಅಂತ ನೋಡ್ತಿದ್ದೆ. ಇವರ ಬೆನ್ನೇ ಕಾಣ್ತಿತ್ತು. ಬೆನ್ನಿಗೆ ಹೇಳ್ಲಾ?"

ಬಾವ ಕೈಯೆತ್ತಿ ನನ್ನನ್ನು ಸುಮ್ಮನಿರಿಸಿದ. "ಇನ್ನು?" ಎಂದ.

"ಆಸ್ಪತ್ರೆ ಹಿಂದುಗಡೆ, ಕಾಂಪೌಂಡ್ ಮೂಲೆಲಿ ಒಂದು ನಲ್ಲಿ ಇತ್ತು. ಅದರ ಪಕ್ಕ. ಆಗ ಅಲ್ಲಿ ಹಾಗೆ ಇಡ್ತಿದ್ವಿ. ನಿಮ್ಮತ್ತೆ, ನಾನು, ಇಬ್ಬರೇ. ನಾನು ಟವೆಲಲ್ಲಿ ಸುತ್ತಿದ್ದೆ. ನಿಮ್ಮತ್ತೆ, ಸಡಿಲ ಆಯ್ತು, ಚಳಿಯಾಗುತ್ತೆ ಅಂತ ಬಿಚ್ಚಿ ತಾವೇ ಇನ್ನೊಂದು ಸಲ ಸುತ್ತಿದ್ರು."

"ಇನ್ನು?"

"ಇದೆಲ್ಲ ನಿಮಗೆ ಈಗಲೇ ಹೇಳಬೇಡ ಅಂದ್ರು. ಒಂದೇ ದಿನ ಎರಡು ಹೊರೋಕೆ ಅವನ ಕೈಲಾಗಲ್ಲ, ಆಮೇಲೆ ನಾನೇ ಹೇಳ್ತೀನಿ ಅಂದ್ರು."

ಅಮ್ಮ ಆಮೇಲೆ ಹೇಳಲಿಲ್ಲ. ಇವನು ಕೇಳಲಿಲ್ಲ.

"ಇನ್ನು?" ಬಾವ ಮತ್ತೆ ಕೇಳಿದ. ಹಮಾಲಿಗಳು ಗಂಟು ಎತ್ತುವುದನ್ನು ಬಿಟ್ಟು ದೂರ ಸರಿದು ನಿಂತಿದ್ದರು.

"ಇನ್ನೇನಪ್ಪ..." ಆಯಮ್ಮ ಯೋಚಿಸಿದಳು.

"ಅವಳು ನೋಡಿದ್ಲಾ?"

"ಅಯ್ಯೋ, ನೋಡದೇ! ಎದೆ ಮೇಲೇ ಮಲಗಿಸಿದ್ವಿ. ಮಗು ಮುಖಾನೆಲ್ಲ ಕೆಂಪಗೆ ಮಾಡ್ಕೊಂಡು, ಮುಷ್ಟಿ ಕಟ್ಕೊಂಡು ಕಿರುಚ್ತಿತ್ತು. ನಿಮ್ಮವಳು ಆ ಸುಸ್ತಲ್ಲೂ ನಕ್ಕಳು ಕಣ್ರೀ. 'ಥೇಟ್ ನಮ್ಮಣ್ಣ. ಹುಟ್ಟಿದ ತಕ್ಷಣ ಜಗಳಕ್ಕೆ ನಿಂತಿದೆ' ಅಂದ್ಲು. ಆಮೇಲೆ ರಕ್ತ ನಿಲ್ಲಲಿಲ್ಲ."

ನಾನು ಗೋಡೆಯ ಕಡೆ ತಿರುಗಿಕೊಂಡೆ. ಆ ಗೋಡೆಗೆ ಬಡಿದ ಸುಣ್ಣ ಎಲ್ಲೆಲ್ಲಿ ಎದ್ದಿದೆ ಎಂದು ಈಗಲೂ ಕಣ್ಣು ಮುಚ್ಚಿ ಹೇಳಬಲ್ಲೆ.

ನನ್ನ ಹಿಂದೆ ಬಾವನ ದನಿ ಇನ್ನೊಂದು ಸಲ, "ಇನ್ನು?" ಎಂದಿತು.

"ಇನ್ನಿಲ್ಲಪ್ಪ" ಎಂದಳು ಆಯಮ್ಮ. "ನನ್ನ ಹತ್ರ ಇದ್ದಿದ್ದು ಇಷ್ಟೇ."

ಅವನು ತಲೆಯಾಡಿಸಿದ. ಬಗ್ಗಿ, ಅವಳು ಕೂತಿದ್ದ ಗಂಟಿನ ಪಕ್ಕದ ಗಂಟನ್ನು ತಾನೇ ಎತ್ತಿಕೊಂಡು ಒಳಗೆ ಹೋದ. ಅದು ಅವನ ಕೆಲಸವಲ್ಲ. ಯಾರೂ ಬೇಡ ಎನ್ನಲಿಲ್ಲ.

ರಜೆಯ ದಿನ ಇಬ್ಬರೂ ಆಸ್ಪತ್ರೆಗೆ ಹೋದೆವು. ಹಿಂದುಗಡೆಯ ಆ ಮೂಲೆಗೆ ಸಿಮೆಂಟು ಹಾಕಿ, ಮೇಲೆ ತಗಡು ಹೊದಿಸಿ, ಕೆಲಸದವರ ಗಾಡಿ ನಿಲ್ಲಿಸುವ ಶೆಡ್ಡು ಮಾಡಿದ್ದರು. ಸ್ಕೂಟರು, ಸೈಕಲ್ಲು ಒತ್ತೊತ್ತಾಗಿ ನಿಂತಿದ್ದವು. ನಲ್ಲಿ ಇರಲಿಲ್ಲ. ಗೋಡೆಯಲ್ಲಿ ತುಂಡು ಪೈಪು ಮಾತ್ರ ಚಾಚಿಕೊಂಡಿತ್ತು, ಅದರ ಬಾಯಿಗೆ ಮರದ ಬೆಣೆ ಹೊಡೆದಿದ್ದರು.

ನನಗೆ ಮೈಯೆಲ್ಲ ಉರಿಯಿತು. ಪೈಪಿನ ಕೆಳಗೆ ನಿಂತಿದ್ದ ಸ್ಕೂಟರಿನ ಹ್ಯಾಂಡಲ್ ಹಿಡಿದು, "ಎಲ್ಲಾನೂ ಎತ್ತಿ ಆಚೆ ಎಸೀತೀನಿ. ಯಾವನು ಬಂದು ಏನ್ ಕೇಳ್ತಾನೋ ನೋಡ್ತೀನಿ" ಎಂದೆ.

"ಬೇಡ ಬಾವ. ಅವಕ್ಕೇನು ಗೊತ್ತು?" ಎಂದ.

ಅವನು ಎರಡು ಸ್ಕೂಟರಿನ ನಡುವೆ ಒಂದು ಕಾಲಿಡುವಷ್ಟು ಜಾಗದಲ್ಲಿ ನಿಂತುಕೊಂಡ. ಚಪ್ಪಲಿ ಬಿಟ್ಟಿದ್ದ. ಕೈ ಮುಗಿಯಲಿಲ್ಲ, ಅಳಲಿಲ್ಲ. ಬೋರ್ಡು ನೋಡುವವನ ಹಾಗೆ ಕತ್ತೆತ್ತದೆ, ಜೀವಮಾನದಲ್ಲಿ ಮೊದಲ ಸಲ ಕೆಳಗೆ ನೋಡುತ್ತ ನಿಂತಿದ್ದ. ತಗಡಿನ ಮೇಲೆ ಹಕ್ಕಿಗಳ ಉಗುರಿನ ಸದ್ದು ಕೇಳುತ್ತಿತ್ತು.

ಕೆಲಸ ಮುಗಿಸಿದ ಎಳೆ ವಯಸ್ಸಿನ ನರ್ಸೊಬ್ಬಳು ಬ್ಯಾಗಿನಲ್ಲಿ ಕೀಲಿ ಹುಡುಕುತ್ತ ಬಂದಳು. "ಅಂಕಲ್, ಸ್ವಲ್ಪ ಸರೀತೀರಾ? ಗಾಡಿ ತೆಗೀಬೇಕು."

ಬಾವ ಚಪ್ಪಲಿ ಕೈಗೆತ್ತಿಕೊಂಡು ಸರಿದ. ಅವಳು ಗಾಡಿಯನ್ನು ಹಿಂದಕ್ಕೆಳೆದು, ಹತ್ತಿ ಕೂತು, ನಮ್ಮಿಬ್ಬರ ಮುಖ ನೋಡಿದಳು. ದಾರಿ ತಪ್ಪಿದ ಮುದುಕರು ಎಂದುಕೊಂಡಳೋ ಏನೋ.

"ಯಾರನ್ನ ನೋಡೋಕೆ ಬಂದ್ರಿ?"

ಈ ಸಲ ಅವನು ಅತ್ತಿತ್ತ ಕತ್ತು ತಿರುಗಿಸಲಿಲ್ಲ.

"ಮಗಳನ್ನ."

"ಯಾವ ವಾರ್ಡು? ನಾನೇ ತೋರಿಸ್ತೀನಿ ಬನ್ನಿ."

"ಬೇಡಮ್ಮ" ಎಂದ ಬಾವ. "ನೋಡಿ ಆಯ್ತು."